ಊರವರ ಮನೆಗೆ ಬೀಗ

‘ಪಬ್’ ಎಂಬ ಪುಟ್ಟ ಪದ ಕಿವಿಗೆ ಬಿದ್ದೊಡನೆ ನಮ್ಮ ನಗರಗಳ ಗೃಹಸ್ಥರ ಕಣ್ಣ ಮುಂದೆ ನಿಲ್ಲುವ ಚಿತ್ರ ಬೇರೆ, ಇಂಗ್ಲೆಂಡಿನ ಹಳ್ಳಿಗನ ಕಣ್ಣ ಮುಂದೆ ನಿಲ್ಲುವ ಚಿತ್ರವೇ ಬೇರೆ. ನಮ್ಮವರಿಗೆ ಅದು ಮಂದ ಬೆಳಕು, ಕಿವಿಗಡಚಿಕ್ಕುವ ಸಂಗೀತ, ತರುಣರ ಗದ್ದಲ. ಆ ಹಳ್ಳಿಗನಿಗಾದರೋ ಅದು ಊರ ನಡುವೆ, ಇಗರ್ಜಿಯಿಂದ ಕೂಗಳತೆಯ ದೂರದಲ್ಲಿ, ತಗ್ಗು ಮಾಡಿನ ಕೆಳಗೆ ಸೌದೆಯ ಬೆಂಕಿ ಉರಿಯುತ್ತಿರುವ ಒಂದು ಹಳೆಯ ಮನೆ. ‘ಪಬ್ಲಿಕ್ ಹೌಸ್’ ಎಂಬುದರ ಮೊಟಕು ರೂಪವೇ ಪಬ್; ಕನ್ನಡದಲ್ಲಿ ಹೇಳುವುದಾದರೆ ಊರವರ ಮನೆ. ಅಲ್ಲಿ ಬಿಯರ್ ಮಾರುತ್ತಾರೆಂಬುದು ನಿಜ. ಆದರೆ ಅಲ್ಲಿಗೆ ಬರುವವರೆಲ್ಲರೂ ಕುಡಿತಕ್ಕಾಗಿಯೇ ಬರುತ್ತಾರೆಂದು ತಿಳಿಯುವುದು, ನಮ್ಮ ಅರಳೀಕಟ್ಟೆಯ ಮೇಲೆ ಕುಳಿತವರೆಲ್ಲರೂ ನೆರಳಿಗಾಗಿಯೇ ಕುಳಿತಿದ್ದಾರೆಂದು ತಿಳಿದಂತೆ.

ಈ ಊರವರ ಮನೆಗಳಿಗೆ ಈಗ ಒಂದೊಂದಾಗಿ ಬೀಗ ಬೀಳುತ್ತಿದೆ. 2000ನೆಯ ಇಸವಿಯಲ್ಲಿ ಬ್ರಿಟನ್ನಿನಲ್ಲಿ ಸುಮಾರು 60,000 ಪಬ್ಬುಗಳಿದ್ದವು. ಈಗ ಉಳಿದಿರುವುವು ಸುಮಾರು 45,000. ಕಾಲು ಶತಮಾನದ ಅವಧಿಯಲ್ಲಿ ನಾಲ್ಕಕ್ಕೆ ಒಂದರಂತೆ ಕಣ್ಮರೆಯಾದವು. ಕೆಲವು ಕಡೆ ಹಳೆಯ ಪಬ್ಬಿನ ಗೋಡೆಗಳೊಳಗೆ ವಸತಿಗೃಹಗಳೆದ್ದಿವೆ, ಕೆಲವು ಕಡೆ ದಿನಸಿಯ ಮಳಿಗೆಗಳು. ಮತ್ತೆ ಕೆಲವು ಕಡೆ ಕಿಟಕಿಗಳಿಗೆ ಹಲಗೆ ಬಡಿದು, ಬಾಗಿಲ ಮೇಲಿನ ಚಿತ್ರಫಲಕ ಮಾತ್ರ ಗಾಳಿಗೆ ತೂಗಾಡುತ್ತಿದೆ.

ಮದ್ಯದಂಗಡಿಗಳು ಮುಚ್ಚಿದರೆ ಮರುಗುವುದೇಕೆ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಉತ್ತರ ಹೇಳಬೇಕಾದರೆ ಪಬ್ಬು ಹುಟ್ಟಿದ ಬಗೆಯನ್ನು ಮೊದಲು ನೋಡಬೇಕು.

ಮುಂದಿನ ಕೋಣೆಯಲ್ಲಿ ಹುಟ್ಟಿದ್ದು

ಮಧ್ಯಯುಗದ ಇಂಗ್ಲೆಂಡಿನಲ್ಲಿ ಏಲ್ ಎಂಬ ಪಾನೀಯವನ್ನು ಗೃಹಿಣಿಯರು ಮನೆಯಲ್ಲಿಯೇ ಸಿದ್ಧಪಡಿಸುತ್ತಿದ್ದರು. ಮನೆಯ ಬಳಕೆಗೆ ಮಿಕ್ಕಿದ್ದು ನೆರೆಯವರಿಗೆ ಮಾರಾಟವಾಗುತ್ತಿತ್ತು. ಕೊಳ್ಳಲು ಬಂದವರು ಅಲ್ಲಿಯೇ ಕುಳಿತು ನಾಲ್ಕು ಮಾತನಾಡಿ ಹೋಗುತ್ತಿದ್ದರು. ಮನೆಗೂ ಅಂಗಡಿಗೂ ನಡುವೆ ಗೋಡೆಯಿರಲಿಲ್ಲ. ಶತಮಾನಗಳ ಬಳಿಕ 1830ರಲ್ಲಿ ಬಂದ ಬಿಯರ್ ಕಾಯಿದೆಯೂ ಇದೇ ಪದ್ಧತಿಯನ್ನು ಬೆಳೆಸಿತು. ಜಿನ್ ಎಂಬ ಉಗ್ರ ಮದ್ಯದ ಹಾವಳಿಯಿಂದ ಜನರನ್ನು ಬಿಡಿಸಿ, ಅದಕ್ಕಿಂತ ಸೌಮ್ಯವಾದ ಬಿಯರಿನ ಕಡೆಗೆ ತಿರುಗಿಸಬೇಕೆಂಬುದು ಸರಕಾರದ ಎಣಿಕೆ. ತೆರಿಗೆ ಕೊಡುವ ಗೃಹಸ್ಥನು ಎರಡು ಗಿನಿ ಶುಲ್ಕ ತೆತ್ತು ಪರವಾನಗಿ ಪಡೆದರೆ ತನ್ನ ಮನೆಯಲ್ಲಿಯೇ ಬಿಯರ್ ಮಾರಬಹುದಾಯಿತು. ಕೆಲವೇ ವರ್ಷಗಳಲ್ಲಿ ಹತ್ತಾರು ಸಾವಿರ ಮನೆಗಳ ಮುಂದಿನ ಕೋಣೆಗಳು ಪಬ್ಬುಗಳಾಗಿ ಮಾರ್ಪಟ್ಟವು.

ಅಕ್ಷರ ಬಾರದವರ ಅನುಕೂಲಕ್ಕಾಗಿ ಬಾಗಿಲ ಮೇಲೆ ಚಿತ್ರಫಲಕವನ್ನು ತೂಗುಹಾಕುವುದು ಹಿಂದಿನಿಂದ ಬಂದ ರೂಢಿ. ಕೆಂಪು ಸಿಂಹ, ಕಿರೀಟ, ಗಂಟೆ, ನೇಗಿಲು, ಬಿಳಿಯ ಜಿಂಕೆ ಮುಂತಾದ ಈ ಚಿತ್ರಗಳಲ್ಲಿ ಆ ನಾಡಿನ ಇತಿಹಾಸವೇ ಅಡಗಿದೆ. ‘ರಾಯಲ್ ಓಕ್’ ಎಂಬ ಹೆಸರಿನ ಪಬ್ಬುಗಳು ಅಲ್ಲಿ ನೂರಾರು. 1651ರಲ್ಲಿ ವುಸ್ಟರ್ ಕದನದಲ್ಲಿ ಸೋತ ಎರಡನೆಯ ಚಾರ್ಲ್ಸನು ಶತ್ರುಗಳ ಕಣ್ಣಿಗೆ ಬೀಳದಂತೆ ಓಕ್ ಮರವೊಂದರ ಕೊಂಬೆಗಳ ನಡುವೆ ಅಡಗಿ ಕುಳಿತ ಪ್ರಸಂಗದ ನೆನಪು ಅದು. ಶಾಲೆಯ ಮೆಟ್ಟಿಲು ಹತ್ತದ ರೈತನೂ ತನ್ನ ದೇಶದ ಚರಿತ್ರೆಯ ಒಂದು ಪುಟವನ್ನು ಸಂಜೆಸಂಜೆ ತಲೆಯೆತ್ತಿ ನೋಡುತ್ತಿದ್ದ.

ಪಬ್ಬಿಗೆ ಅಲ್ಲಿನ ಜನಜೀವನದಲ್ಲಿ ಎಂಥ ಸ್ಥಾನವಿತ್ತೆಂಬುದಕ್ಕೆ ಒಂದು ಸಾಕ್ಷಿಯುಂಟು. ‘ಮಾಸ್ ಅಬ್ಸರ್ವೇಷನ್’ ಎಂಬ ಸಂಶೋಧಕರ ತಂಡವು 1930ರ ದಶಕದ ಕೊನೆಯ ವರ್ಷಗಳಲ್ಲಿ ಬೋಲ್ಟನ್ ಎಂಬ ಗಿರಣಿಪಟ್ಟಣದ ಪಬ್ಬುಗಳಲ್ಲಿ ಕುಳಿತು, ಜನರು ಏನು ಮಾಡುತ್ತಾರೆ, ಏನು ಮಾತನಾಡುತ್ತಾರೆ ಎಂಬುದನ್ನು ಬರೆದಿಟ್ಟುಕೊಂಡಿತು. 1943ರಲ್ಲಿ ಪ್ರಕಟವಾದ ಅವರ ಗ್ರಂಥ ಕಂಡುಕೊಂಡ ಸಂಗತಿ ಇದು: ಮನೆ ಮತ್ತು ಗಿರಣಿಯನ್ನು ಬಿಟ್ಟರೆ ದುಡಿಯುವ ಜನರು ಹೆಚ್ಚಿನ ಹೊತ್ತು ಕಳೆಯುತ್ತಿದ್ದ ಸ್ಥಳ ಪಬ್ಬು. ಇಗರ್ಜಿ, ಸಿನಿಮಾ ಮಂದಿರ, ನೃತ್ಯಶಾಲೆ, ರಾಜಕೀಯ ಪಕ್ಷ ಇವೆಲ್ಲವೂ ಸೇರಿ ಅದಕ್ಕೆ ಸಮನಾಗಲಾರವು.

ಅದಾಗಿ ಮೂರು ವರ್ಷಗಳ ಮೇಲೆ, 1946ರ ಫೆಬ್ರವರಿಯಲ್ಲಿ, ಜಾರ್ಜ್ ಆರ್ವೆಲ್ ‘ದಿ ಮೂನ್ ಅಂಡರ್ ವಾಟರ್’ ಎಂಬ ಪುಟ್ಟ ಪ್ರಬಂಧವನ್ನು ಲಂಡನ್ನಿನ ಸಂಜೆಪತ್ರಿಕೆಯೊಂದಕ್ಕೆ ಬರೆದ. ಬಿಹಾರದ ಮೋತೀಹಾರಿಯಲ್ಲಿ ಹುಟ್ಟಿದ ಈ ಲೇಖಕ ತನ್ನ ಮೆಚ್ಚಿನ ಪಬ್ಬಿನ ಗುಣಗಳನ್ನು ಒಂದೊಂದಾಗಿ ವರ್ಣಿಸಿ, ಕೊನೆಗೆ ಅಂಥ ಪಬ್ಬು ಎಲ್ಲಿಯೂ ಇಲ್ಲವೆಂದು ಗುಟ್ಟನ್ನು ಬಿಟ್ಟುಕೊಡುತ್ತಾನೆ. ಅವನ ಪಟ್ಟಿಯಲ್ಲಿ ಪಾನೀಯಕ್ಕಿಂತ ಹೆಚ್ಚಾಗಿ ಬರುವುದು ಮಾತಿಗೆ ಅಡ್ಡಿಯಾಗದ ನಿಶ್ಶಬ್ದ, ಹೆಸರು ಹಿಡಿದು ವಿಚಾರಿಸುವ ಪರಿಚಾರಿಕೆಯರು, ಹಿಂದಿನ ತೋಟದಲ್ಲಿ ಆಡುವ ಮಕ್ಕಳು. ಮಕ್ಕಳನ್ನು, ತಕ್ಕಮಟ್ಟಿಗೆ ಹೆಂಗಸರನ್ನೂ ಹೊರಗಿಟ್ಟದ್ದರಿಂದಲೇ ಸಂಸಾರವಂದಿಗರು ಕಲೆಯಬೇಕಾದ ಸ್ಥಳಗಳು ಬರಿಯ ಕುಡಿತದ ತಾಣಗಳಾದವೆಂಬುದು ಅವನ ದೂರು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಸಾಗೋಣ.

ಗಿರಾಕಿಗಳು ಕರಗಿದ ಬಗೆ

ಪಬ್ಬಿನ ಅವನತಿಗೆ ಕಾರಣ ಒಂದಲ್ಲ, ಹಲವು. 1967ರ ರಸ್ತೆ ಸುರಕ್ಷತಾ ಕಾಯಿದೆಯು ಚಾಲಕರ ರಕ್ತದಲ್ಲಿರಬಹುದಾದ ಮದ್ಯಾಂಶಕ್ಕೆ ಮಿತಿಯನ್ನು ಗೊತ್ತುಮಾಡಿತು. ಎಷ್ಟೋ ಜೀವಗಳನ್ನು ಉಳಿಸಿದ ಆ ಕಾಯಿದೆಯನ್ನು ದೂರುವವರಾರು? ಆದರೆ ಊರಿನಿಂದ ದೂರವಿದ್ದ, ವಾಹನದಲ್ಲಿ ಬರುವವರನ್ನೇ ನಂಬಿದ್ದ ಪಬ್ಬುಗಳಿಗೆ ಅದು ಪೆಟ್ಟಾಯಿತು. ಬಳಿಕ ಕಲ್ಲಿದ್ದಲಿನ ಗಣಿಗಳೂ ಎರಕದ ಕಾರ್ಖಾನೆಗಳೂ ಮುಚ್ಚಿದಾಗ, ಪಾಳಿ ಮುಗಿಸಿ ನೇರವಾಗಿ ಪಬ್ಬಿಗೆ ಬರುತ್ತಿದ್ದ ಸಾವಿರಾರು ಕಾರ್ಮಿಕರು ಇಲ್ಲದಾದರು. ದೊಡ್ಡ ಅಂಗಡಿಗಳಲ್ಲಿ ಬಿಯರ್ ಅಗ್ಗವಾಯಿತು, ಮನೆಯಲ್ಲಿ ದೂರದರ್ಶನವಿತ್ತು. 2007ರ ಜುಲೈ 1ರಿಂದ ಇಂಗ್ಲೆಂಡಿನ ಪಬ್ಬುಗಳೊಳಗೆ ಧೂಮಪಾನ ನಿಷಿದ್ಧವಾಯಿತು. ಮರುವರ್ಷ ಆರ್ಥಿಕ ಮುಗ್ಗಟ್ಟು ತಲೆದೋರಿತು. ಅದೇ ಹೊತ್ತಿಗೆ ಬಿಯರಿನ ಸುಂಕವನ್ನು ಬೆಲೆಯೇರಿಕೆಗಿಂತ ಹೆಚ್ಚಾಗಿ ವರ್ಷವರ್ಷವೂ ಏರಿಸುವ ಪದ್ಧತಿ ಜಾರಿಗೆ ಬಂದು, 2013ರವರೆಗೆ ನಡೆಯಿತು. 2020ರ ಮಾರ್ಚ್ 20ರಂದು ಕೊರೊನಾ ಸೋಂಕಿನ ಕಾರಣದಿಂದ ದೇಶದ ಎಲ್ಲ ಪಬ್ಬುಗಳೂ ಒಂದೇ ರಾತ್ರಿ ಬಾಗಿಲೆಳೆದುಕೊಂಡವು. ಬಾಗಿಲು ತೆರೆದ ಮೇಲೆ ವಿದ್ಯುತ್ತು, ಅನಿಲಗಳ ಬೆಲೆ ಗಗನಕ್ಕೇರಿತು. ಇಂದಿನ ತರುಣರಂತೂ ತಮ್ಮ ತಂದೆತಾಯಿಗಳಷ್ಟು ಕುಡಿಯುವುದೇ ಇಲ್ಲ. ಇದು ಸಂತೋಷದ ಸಂಗತಿಯೇ.

ಇಷ್ಟೇ ಆಗಿದ್ದರೆ, ಕಾಲ ಬದಲಾಯಿತು, ಪಬ್ಬು ಹಳತಾಯಿತು ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಗಿರಾಕಿಗಳಿಂದ ತುಂಬಿ ಚೆನ್ನಾಗಿ ನಡೆಯುತ್ತಿದ್ದ ಪಬ್ಬುಗಳೂ ಮುಚ್ಚಿಹೋದವು. ಇದು ಹೇಗೆ?

ಬಿಯರಿಗಿಂತ ಭೂಮಿಗೆ ಬೆಲೆ

ಹಿಂದೆ ಬಹಳಷ್ಟು ಪಬ್ಬುಗಳ ನಿಜವಾದ ಒಡೆಯ ಬಾರಿನ ಹಿಂದೆ ನಿಂತ ಯಜಮಾನನಾಗಿರಲಿಲ್ಲ. ಅವನು ಬಾಡಿಗೆದಾರನಾಗಿದ್ದ. ಕಟ್ಟಡ ಬಿಯರ್ ತಯಾರಿಸುವ ಕಂಪೆನಿಯದಾಗಿತ್ತು; ಅದರಲ್ಲಿ ಕುಳಿತವನು ಅದೇ ಕಂಪೆನಿಯ ಬಿಯರನ್ನೇ, ಅದು ಹೇಳಿದ ಬೆಲೆಗೇ ಕೊಳ್ಳಬೇಕಾಗಿತ್ತು. ಇದನ್ನು ‘ಟೈ’, ಅಂದರೆ ಕಟ್ಟು, ಎಂದು ಕರೆಯುತ್ತಾರೆ. ಕೆಲವೇ ದೊಡ್ಡ ಕಂಪೆನಿಗಳ ಹಿಡಿತವನ್ನು ಸಡಿಲಿಸಬೇಕೆಂದು ಸರಕಾರ 1989ರಲ್ಲಿ ಆಜ್ಞೆ ಹೊರಡಿಸಿ, 2,000ಕ್ಕಿಂತ ಹೆಚ್ಚು ಪಬ್ಬುಗಳನ್ನು ಹೊಂದಿದ ತಯಾರಕರ ಮೇಲೆ ನಿರ್ಬಂಧ ಹೇರಿತು. ಉದ್ದೇಶ ಒಳ್ಳೆಯದು, ಪರಿಣಾಮ ವಿಪರೀತ. ತಯಾರಕರು ಪಬ್ಬುಗಳನ್ನು ಸಾವಿರಗಟ್ಟಲೆ ಮಾರಿದರು. ಕೊಂಡವರು ಬಿಯರನ್ನೇ ತಯಾರಿಸದ, ಕಟ್ಟಡಗಳನ್ನು ಆಸ್ತಿಯೆಂದು ಮಾತ್ರ ಕಾಣುವ ಹೊಸ ಕಂಪೆನಿಗಳು. ಅವು ಭಾರಿ ಸಾಲ ಮಾಡಿ ಕೊಂಡಿದ್ದವು. ಸಾಲದ ಬಡ್ಡಿ ತೀರಬೇಕಾದರೆ ಬಾಡಿಗೆ ಏರಬೇಕು, ‘ಕಟ್ಟು’ ಬಿಗಿಯಾಗಬೇಕು. ಅದೂ ಸಾಲದಾದರೆ ಕಟ್ಟಡವನ್ನೇ ಮಾರಬೇಕು. ಮನೆಗಳಿಗೆ ಚಿನ್ನದ ಬೆಲೆಯಿರುವ ಲಂಡನ್ನಿನಲ್ಲಿ, ಪಬ್ಬಿನಿಂದ ಹತ್ತಾರು ವರ್ಷಗಳಲ್ಲಿ ಬರುವ ಲಾಭವನ್ನು ಅದೇ ನಿವೇಶನದ ವಸತಿಗೃಹಗಳು ಒಂದೇ ವರ್ಷದಲ್ಲಿ ತಂದುಕೊಡಬಲ್ಲವು. ಹೀಗೆ ಊರವರ ಮನೆಯು ಲೆಕ್ಕಪುಸ್ತಕದ ಒಂದು ಅಂಕಿಯಾಯಿತು.

ಈ ಧೋರಣೆ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಲಂಡನ್ನಿನ ಮೇಡಾವೇಲ್ ಬಡಾವಣೆಯ ‘ಕಾರ್ಲ್‌ಟನ್ ಟ್ಯಾವರ್ನ್’ ನಿದರ್ಶನ. ಮೊದಲನೆಯ ಮಹಾಯುದ್ಧದ ಬಳಿಕ ಕಟ್ಟಿದ ಆ ಪಬ್ಬು ಎರಡನೆಯ ಮಹಾಯುದ್ಧದ ಬಾಂಬುಗಳನ್ನೂ ತಾಳಿಕೊಂಡು ನಿಂತಿತ್ತು. ಅದನ್ನು ರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸುವ ವಿಚಾರ ನಡೆದಿದ್ದಾಗಲೇ, 2015ರ ಏಪ್ರಿಲ್‌ನಲ್ಲಿ, ಕಟ್ಟಡದ ಒಡೆತನದ ಕಂಪೆನಿ ಅನುಮತಿಯಿಲ್ಲದೆ ಯಂತ್ರಗಳನ್ನು ತಂದು ಅದನ್ನು ಕೆಡವಿತು. ಬಡಾವಣೆಯವರು ಸುಮ್ಮನೆ ಕೂರಲಿಲ್ಲ. ಅವರ ಹೋರಾಟದ ಫಲವಾಗಿ ವೆಸ್ಟ್‌ಮಿನ್‌ಸ್ಟರ್ ನಗರಾಡಳಿತವು ಹಿಂದೆ ಹೇಗಿತ್ತೋ ಹಾಗೆಯೇ, ಇಟ್ಟಿಗೆಗೆ ಇಟ್ಟಿಗೆ ಸೇರಿಸಿ ಪುನಃ ಕಟ್ಟಬೇಕೆಂದು ವಿಧಿಸಿತು. ಮೇಲ್ಮನವಿಯಲ್ಲಿಯೂ ಕಂಪೆನಿಗೆ ಜಯ ದೊರೆಯಲಿಲ್ಲ. 2021ರ ಏಪ್ರಿಲ್‌ನಲ್ಲಿ, ಬಿದ್ದ ಆರು ವರ್ಷಗಳ ಮೇಲೆ, ಅದೇ ಸ್ಥಳದಲ್ಲಿ ಅದೇ ರೂಪದಲ್ಲಿ ಪಬ್ಬು ಬಾಗಿಲು ತೆರೆಯಿತು. ಈ ನಡುವೆ ಕಾನೂನೂ ಬಿಗಿಯಾಯಿತು. ಯೋಜನಾ ಅನುಮತಿಯಿಲ್ಲದೆ ಪಬ್ಬನ್ನು ಕೆಡವುವುದಕ್ಕೂ ಅಂಗಡಿಯಾಗಿ ಪರಿವರ್ತಿಸುವುದಕ್ಕೂ ಹಿಂದೆ ಇದ್ದ ಸಡಿಲಿಕೆಯನ್ನು ಇಂಗ್ಲೆಂಡಿನಲ್ಲಿ 2017ರಲ್ಲಿ ರದ್ದುಮಾಡಲಾಯಿತು. ಆದರೆ ಕಾನೂನು ಗೋಡೆಗಳನ್ನು ಉಳಿಸಬಲ್ಲದೇ ಹೊರತು ಒಳಗೆ ದೀಪ ಹಚ್ಚಲಾರದು. ಆ ಕೆಲಸ ಊರವರದೇ.

ಊರೇ ಒಡೆಯ

ಇಂಗ್ಲೆಂಡಿನ ವಾಯವ್ಯ ಮೂಲೆಯ ಕಂಬ್ರಿಯಾ ಬೆಟ್ಟಸೀಮೆಯಲ್ಲಿ ಹೆಸ್ಕೆಟ್ ನ್ಯೂಮಾರ್ಕೆಟ್ ಎಂಬ ಚಿಕ್ಕ ಹಳ್ಳಿಯಿದೆ. ಅಲ್ಲಿನ ‘ಓಲ್ಡ್ ಕ್ರೌನ್’ ಪಬ್ಬಿನ ಹಿಂದಿನ ಕೊಟ್ಟಿಗೆಯಲ್ಲಿ ಬಿಯರ್ ತಯಾರಾಗುತ್ತಿತ್ತು. ಅದರ ಒಡೆಯ ನಿವೃತ್ತನಾಗಲು ಬಯಸಿದಾಗ ಹಳ್ಳಿಗರು ಸಹಕಾರ ಸಂಘವನ್ನು ಕಟ್ಟಿ 1999ರಲ್ಲಿ ಆ ತಯಾರಿಕೆಯನ್ನು ವಹಿಸಿಕೊಂಡರು. 2003ರಲ್ಲಿ ನೂರಕ್ಕೂ ಹೆಚ್ಚು ಮಂದಿ ಷೇರು ಹಾಕಿ ಪಬ್ಬನ್ನೇ ಕೊಂಡರು. ಸಹಕಾರ ತತ್ತ್ವದ ಮೇಲೆ ಊರವರೇ ಕೊಂಡ ಪಬ್ಬುಗಳಲ್ಲಿ ಅದೇ ಮೊದಲನೆಯದೆಂದು ಬ್ರಿಟನ್ನಿನಲ್ಲಿ ಹೆಸರಾಯಿತು.

ಹಳ್ಳಿಯಲ್ಲಿ ಸಾಧ್ಯವಾದದ್ದು ಮಹಾನಗರದಲ್ಲಿಯೂ ಸಾಧ್ಯವೇ? ಆಗ್ನೇಯ ಲಂಡನ್ನಿನ ನನ್‌ಹೆಡ್ ಬಡಾವಣೆಯ ‘ಐವಿ ಹೌಸ್’ ಇದಕ್ಕೆ ಉತ್ತರವನ್ನಿತ್ತಿತು. 2011ರ ಸ್ಥಳೀಯಾಡಳಿತ ಕಾಯಿದೆಯು ಊರಿಗೆ ಬೇಕಾದ ಕಟ್ಟಡವನ್ನು ‘ಸಮುದಾಯದ ಮೌಲ್ಯವುಳ್ಳ ಆಸ್ತಿ’ ಎಂದು ದಾಖಲಿಸಿಕೊಳ್ಳಲು ಜನರಿಗೆ ದಾರಿಮಾಡಿತ್ತು. ಅಂಥ ಕಟ್ಟಡವನ್ನು ಒಡೆಯನು ಮಾರಲು ಹೊರಟರೆ, ಹಣ ಕೂಡಿಸಲು ಊರವರಿಗೆ ಆರು ತಿಂಗಳ ಗಡುವು ದೊರೆಯುತ್ತಿತ್ತು. ಒಡೆಯನು ಅವರಿಗೇ ಮಾರಬೇಕೆಂಬ ನಿಯಮವೇನೂ ಅದರಲ್ಲಿರಲಿಲ್ಲ. 2012ರಲ್ಲಿ ಐವಿ ಹೌಸ್ ಮುಚ್ಚಿದಾಗ ನೆರೆಹೊರೆಯವರು ಈ ಕಾಯಿದೆಯನ್ನೇ ಹಿಡಿದರು. ಇಂಗ್ಲೆಂಡಿನಲ್ಲಿ ಹೀಗೆ ದಾಖಲಾದ ಮೊದಲ ಪಬ್ಬು ಅದು. ಸಾಲ, ಸಹಾಯಧನಗಳ ಜೊತೆಗೆ 371 ಮಂದಿಯ ಷೇರುಹಣ ಸೇರಿ, 2013ರಲ್ಲಿ ಪಬ್ಬು ಊರವರದಾಯಿತು.

ಈ ಮಾರ್ಗ ಕನ್ನಡಿಗರಿಗೆ ಅಪರಿಚಿತವೇನೂ ಅಲ್ಲ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನ ನೇಕಾರರು ಸಹಕಾರಿ ಅಂಗಡಿಯನ್ನು ತೆರೆದರು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಭಾರತದ ಮೊದಲ ಕೃಷಿ ಸಹಕಾರ ಸಂಘಕ್ಕೆ ನೆಲೆಹಾಕಿದರು. ಒಬ್ಬ ಸದಸ್ಯನಿಗೆ ಒಂದೇ ಮತವೆಂಬುದು ಸಹಕಾರದ ಮೂಲತತ್ತ್ವ. ಹತ್ತು ಷೇರು ಕೊಂಡ ಶ್ರೀಮಂತನಿಗೂ ಒಂದು ಷೇರು ಕೊಂಡ ಅಂಚೆಯವನಿಗೂ ಸಭೆಯಲ್ಲಿ ಸಮಾನ ಬೆಲೆ. ಆದುದರಿಂದಲೇ ಒಬ್ಬನ ಲಾಭದಾಸೆಗೆ ಕಟ್ಟಡ ಬಲಿಯಾಗುವ ಭಯ ಕಡಿಮೆ. ಇಂದು ಬ್ರಿಟನ್ನಿನಲ್ಲಿ ಊರವರ ಒಡೆತನದ ಪಬ್ಬುಗಳು ನೂರೈವತ್ತನ್ನು ಮೀರಿವೆ.

ಹಾಗೆಂದು ಇದು ಸುಲಭದ ದಾರಿಯಲ್ಲ. ಪಬ್ಬನ್ನು ಉಳಿಸಬೇಕೆಂದು ಸಭೆಯಲ್ಲಿ ಕೈಯೆತ್ತುವವರು ಬಹಳ. ಮಳೆ ಸುರಿಯುವ ಮಂಗಳವಾರದ ಸಂಜೆ ಬಂದು ಕೂರುವವರು ವಿರಳ. ಸಾಲದ ಕಂತು ತಿಂಗಳಿಗೆ ಸರಿಯಾಗಿ ಕಟ್ಟಬೇಕು, ಸೋರುವ ಮಾಡನ್ನು ದುರಸ್ತಿ ಮಾಡಿಸಬೇಕು, ನಷ್ಟದ ವರ್ಷದಲ್ಲಿ ನೆರೆಯವರೊಳಗೆ ಮನಸ್ತಾಪ ಬಾರದಂತೆ ನೋಡಿಕೊಳ್ಳಬೇಕು. ಒಡೆತನವೆಂದರೆ ಹೊಣೆಯೂ ಹೌದು.

ಚಿಕ್ಕದರಲ್ಲಿ ಚೊಕ್ಕ

ಉಳಿಯುವ ದಾರಿಗಳು ಬೇರೆಯೂ ಇವೆ. 2001ರಲ್ಲಿ, ಆಗ ಯುವರಾಜರಾಗಿದ್ದ ಚಾರ್ಲ್ಸರ ಪ್ರೇರಣೆಯಿಂದ ‘ಪಬ್ ಈಸ್ ದಿ ಹಬ್’ ಎಂಬ ಸಂಸ್ಥೆ ಹುಟ್ಟಿತು. ಅಂಚೆಕಚೇರಿ ಮುಚ್ಚಿದ ಹಳ್ಳಿಯಲ್ಲಿ ಪಬ್ಬಿನ ಒಂದು ಮೂಲೆಯೇ ಅಂಚೆಕಚೇರಿ; ಅಂಗಡಿಯಿಲ್ಲದ ಹಳ್ಳಿಯಲ್ಲಿ ಮತ್ತೊಂದು ಮೂಲೆಯಲ್ಲಿ ಹಾಲು, ಬ್ರೆಡ್ಡು, ತರಕಾರಿ; ಇನ್ನೊಂದು ಕಡೆ ಪುಸ್ತಕ ಭಂಡಾರ; ವಾರಕ್ಕೊಮ್ಮೆ ಒಂಟಿ ವೃದ್ಧರಿಗೆ ಮಧ್ಯಾಹ್ನದ ಊಟ. ಇಂಥ ಏರ್ಪಾಡುಗಳಿಗೆ ಆ ಸಂಸ್ಥೆ ನೆರವೀಯುತ್ತದೆ. ಬೆಳಿಗ್ಗೆ ಚಹಾ ಕುಡಿಯಲು ಬಂದ ಅಜ್ಜಿಯೂ ಸಂಜೆ ಬಿಯರ್ ಕುಡಿಯಲು ಬಂದ ಬಡಗಿಯೂ ಒಂದೇ ಮನೆಯ ಅತಿಥಿಗಳು.

ಕೆಂಟ್ ಪ್ರಾಂತದ ಹರ್ನ್ ಗ್ರಾಮದಲ್ಲಿ 2005ರಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಮುಚ್ಚಿಹೋದ ಮಾಂಸದಂಗಡಿಯೊಂದರ ಪುಟ್ಟ ಕೋಣೆಯಲ್ಲಿ ‘ಬುಚರ್ಸ್ ಆರ್ಮ್ಸ್’ ಎಂಬ ಪಬ್ಬು ತೆರೆಯಿತು. ಅಲ್ಲಿ ದೂರದರ್ಶನವಿಲ್ಲ, ಸಂಗೀತಯಂತ್ರವಿಲ್ಲ, ಜೂಜಿನ ಪೆಟ್ಟಿಗೆಯಿಲ್ಲ. ಪೀಪಾಯಿಯಿಂದ ನೇರವಾಗಿ ಇಳಿಸಿದ ಏಲ್, ಎದುರುಬದುರು ಬೆಂಚುಗಳು, ಮಾತು ಇವಷ್ಟೇ ಅಲ್ಲಿಯ ಸರಕು. ಖರ್ಚು ಕಡಿಮೆಯಾದುದರಿಂದ ಬದುಕುವುದೂ ಸುಲಭ. ‘ಮೈಕ್ರೋಪಬ್’ ಎಂಬ ಹೆಸರಿನಲ್ಲಿ ಈ ಮಾದರಿ ಹಬ್ಬಿ, ಖಾಲಿ ಬಿದ್ದ ನೂರಾರು ಅಂಗಡಿಗಳಿಗೆ ಜೀವ ಬಂದಿತು. ಆರ್ವೆಲ್ ಬಯಸಿದ ನಿಶ್ಶಬ್ದಕ್ಕೆ ಆರು ದಶಕಗಳ ಬಳಿಕ ಒಂದು ಕೋಣೆ ದೊರೆಯಿತೆನ್ನಬಹುದು.

ಹೊಸ್ತಿಲಾಚೆ ನಿಂತವರು

ಆರ್ವೆಲನ ದೂರಿನ ಉಳಿದ ಭಾಗಕ್ಕೆ ಈಗ ಬರೋಣ. ‘ಊರವರ ಮನೆ’ ಎಂಬ ಹೆಸರು ಬಹುಕಾಲ ಅರ್ಧಸತ್ಯವಾಗಿತ್ತು. ಹೆಂಗಸರನ್ನು ಬಾರಿನ ಬಳಿ ನಿಲ್ಲಗೊಡದೆ ಹಿಂದಿನ ಕೋಣೆಗೆ ಕಳಿಸುವ ಪದ್ಧತಿ ಕಾನೂನಿಗೆ ವಿರುದ್ಧವೆಂದು, ಲಂಡನ್ನಿನ ಫ್ಲೀಟ್ ಸ್ಟ್ರೀಟಿನ ಪಾನಗೃಹವೊಂದರ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತದ್ದು 1982ರಷ್ಟು ಈಚೆಗೆ.

ಭಾರತೀಯರ ಕಥೆ ಇನ್ನೂ ಕಹಿಯಾದದ್ದು. ಬರ್ಮಿಂಗ್‌ಹ್ಯಾಮ್ ಬಳಿಯ ಸ್ಮೆದಿಕ್ ಪಟ್ಟಣದ ಎರಕದ ಕಾರ್ಖಾನೆಗಳಲ್ಲಿ ದುಡಿಯಲು ಪಂಜಾಬಿನಿಂದ ಸಾವಿರಾರು ಜನ ಹೋದರು. ಹಗಲೆಲ್ಲ ಬಿಳಿಯರ ಜೊತೆ ಒಂದೇ ಕುಲುಮೆಯ ಮುಂದೆ ಬೆಂದ ಅವರಿಗೆ ಸಂಜೆ ಪಬ್ಬಿನ ಒಳ್ಳೆಯ ಕೋಣೆಗಳಲ್ಲಿ ಪ್ರವೇಶವಿರಲಿಲ್ಲ. ಕೆಲವು ಕಡೆ ಹೊಸ್ತಿಲನ್ನೇ ದಾಟುವಂತಿರಲಿಲ್ಲ. ಅಲ್ಲಿಯ ಭಾರತೀಯ ಕಾರ್ಮಿಕರ ಸಂಘದ ಮುಂದಾಳು ಅವತಾರ್ ಸಿಂಗ್ ಜೌಹಲ್ ಮತ್ತು ಸಂಗಡಿಗರು ಇದರ ವಿರುದ್ಧ ಹೋರಾಡಿದರು. 1965ರ ಫೆಬ್ರವರಿ 12ರಂದು ಅಮೆರಿಕದ ಕರಿಯರ ನಾಯಕ ಮಾಲ್ಕಮ್ ಎಕ್ಸ್ ಸ್ಮೆದಿಕ್ಕಿಗೆ ಬಂದಾಗ, ಈ ಭೇದವನ್ನು ಕಣ್ಣಾರೆ ಕಾಣಲೆಂದು ಅವರನ್ನು ‘ಬ್ಲೂ ಗೇಟ್ಸ್’ ಎಂಬ ಪಬ್ಬಿಗೆ ಕರೆದೊಯ್ದರು. ಒಂಬತ್ತು ದಿನಗಳ ಮೇಲೆ ನ್ಯೂಯಾರ್ಕಿನಲ್ಲಿ ಅವರ ಕೊಲೆಯಾಯಿತು. ಸಾರ್ವಜನಿಕ ಸ್ಥಳಗಳಲ್ಲಿ ವರ್ಣಭೇದವನ್ನು ನಿಷೇಧಿಸುವ ಕಾಯಿದೆ ಬ್ರಿಟನ್ನಿನಲ್ಲಿ ಬಂದದ್ದು ಅದೇ ವರ್ಷದ ಕೊನೆಯಲ್ಲಿ.

ಮುಂದೆ ನಡೆದುದು ವಿಧಿಯ ವಿನೋದವೇ ಸರಿ. ಕಾರ್ಖಾನೆಗಳು ಮುಚ್ಚಿ, ಹಳೆಯ ಗಿರಾಕಿಗಳು ಚದುರಿ, ಆ ಸೀಮೆಯ ಪಬ್ಬುಗಳು ಬಾಗಿಲೆಳೆದುಕೊಳ್ಳಲು ಮೊದಲಿಟ್ಟಾಗ, ಅವನ್ನು ವಹಿಸಿಕೊಳ್ಳಲು ಮುಂದೆ ಬಂದವರು ಪಂಜಾಬಿಗಳೇ. ಹಿಂದೆ ತಿಂಡಿಯೆಂದರೆ ಹುರಿದ ಆಲೂಗಡ್ಡೆಯ ಪೊಟ್ಟಣವಷ್ಟೇ ಸಿಗುತ್ತಿದ್ದ ಕಡೆ ಈಗ ತಂದೂರಿ ಕೋಳಿ, ಸೀಕ್ ಕಬಾಬು, ಮೀನಿನ ಪಕೋಡ, ಬಿಸಿಬಿಸಿ ನಾನ್! ಬಿಳಿಯ ಅಜ್ಜನೂ ಸರ್ದಾರ್ಜಿಯೂ ಒಂದೇ ಮೇಜಿಗೆ ಕೂತು ಫುಟ್‌ಬಾಲಿನ ಮಾತಾಡುತ್ತಾರೆ. ವಾರಾಂತ್ಯದಲ್ಲಿ ಹೆಂಡಿರು ಮಕ್ಕಳೊಡನೆ ಸಂಸಾರಗಳೇ ಊಟಕ್ಕೆ ಬರುತ್ತವೆ. ವೆಸ್ಟ್ ಬ್ರಾಮಿಚ್ ಪಟ್ಟಣದ ‘ರೆಡ್ ಲಯನ್’ ಪಬ್ಬಿನ ಬಣ್ಣದ ಗಾಜಿನ ಕಿಟಕಿಯಲ್ಲಿ ಈ ವಲಸೆಗಾರರ ದುಡಿಮೆಯ ಕಥೆಯೇ ಚಿತ್ರಿತವಾಗಿದೆ. ‘ದೇಸಿ ಪಬ್’ ಎಂದು ಹೆಸರಾದ ಈ ಮನೆಗಳ ಪರಿಚಯಗ್ರಂಥವೊಂದನ್ನು ಡೇವಿಡ್ ಜೇಸುದಾಸನ್ ಬರೆದಿದ್ದಾರೆ. 2023ರಲ್ಲಿ ಅದನ್ನು ಪ್ರಕಟಿಸಿದ್ದು, ಸಾಂಪ್ರದಾಯಿಕ ಏಲ್ ಮತ್ತು ಪಬ್ಬುಗಳ ಉಳಿವಿಗಾಗಿ 1971ರಿಂದ ದುಡಿಯುತ್ತಿರುವ ‘ಕಾಮ್ರಾ’ ಸಂಸ್ಥೆ. ಸಂಪ್ರದಾಯವನ್ನು ಕಾಯುವವರೇ ಹೊಸಬರನ್ನು ತಮ್ಮವರೆಂದು ಒಪ್ಪಿಕೊಂಡದ್ದು ಗಮನಾರ್ಹ.

ಕುಡಿತದಿಂದ ಹಾಳಾದ ಸಂಸಾರಗಳ ಕಣ್ಣೀರು ಇಂಗ್ಲೆಂಡಿನಲ್ಲಿಯೂ ಕಡಿಮೆಯೇನಿಲ್ಲ. ಪಬ್ಬಿನ ಹೊಗಳಿಕೆಯಲ್ಲಿ ಅದನ್ನು ಮರೆಯಲಾಗದು. ಆದರೆ ಅಲ್ಲಿ ಪಬ್ಬು ಮುಚ್ಚಿದ ಮಾತ್ರಕ್ಕೆ ಬಾಟಲಿ ಬರಿದಾಗಲಿಲ್ಲ. ಅಗ್ಗದ ಬಾಟಲಿ ಮನೆ ಸೇರಿತು, ಬಾಗಿಲು ಮುಚ್ಚಿಕೊಂಡು ಒಬ್ಬನೇ ಕುಡಿಯುವವನಿಗೆ ಸಾಕೆನ್ನುವವರಿಲ್ಲದಾಯಿತು. ಪಬ್ಬಿನಲ್ಲಾದರೆ ಯಜಮಾನನ ಕಣ್ಣಿತ್ತು, ನೆರೆಯವರ ನಾಚಿಕೆಯಿತ್ತು; ಎರಡು ದಿನ ಬಾರದಿದ್ದರೆ ಮನೆಗೆ ಹೋಗಿ ಬಾಗಿಲು ತಟ್ಟುವವರಿದ್ದರು. ಆಕ್ಸ್‌ಫರ್ಡಿನ ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಕಾಮ್ರಾ ಸಂಸ್ಥೆಗಾಗಿ ನಡೆಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ತಮ್ಮದೆನ್ನುವ ಪಬ್ಬೊಂದು ಹತ್ತಿರದಲ್ಲಿರುವವರಿಗೆ ಆಪ್ತ ಗೆಳೆಯರು ಹೆಚ್ಚು, ನೆಮ್ಮದಿಯೂ ಹೆಚ್ಚು ಎಂದು ಅದು ಹೇಳಿತು. ಪಬ್ಬಿನ ಪರವಾದ ಸಂಸ್ಥೆಯ ಅಧ್ಯಯನವೆಂಬ ಎಚ್ಚರದೊಡನೆ ಅದನ್ನು ಓದಬೇಕು; ಆದರೂ ಅದು ಹೇಳುವ ಮಾತು ಅನುಭವಕ್ಕೆ ದೂರವಾದುದಲ್ಲ.

ಎಲ್ಲ ಪಬ್ಬುಗಳೂ ಉಳಿಯಲಾರವು, ಉಳಿಯಬೇಕಾಗಿಯೂ ಇಲ್ಲ. ಆದರೆ ಉಳಿದವುಗಳನ್ನು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹೆಸ್ಕೆಟ್ಟಿನಲ್ಲಿ ಹಳ್ಳಿಗರು, ನನ್‌ಹೆಡ್ಡಿನಲ್ಲಿ ನೆರೆಹೊರೆಯವರು, ಸ್ಮೆದಿಕ್ ಸೀಮೆಯಲ್ಲಿ ಹಿಂದೆ ಹೊರಗೆ ನಿಲ್ಲಿಸಲ್ಪಟ್ಟವರು ಪಬ್ಬನ್ನು ತಮ್ಮದೆಂದು ಕೈಗೆತ್ತಿಕೊಂಡರು. ಬಂದವರಿಗೆ ಹೆಚ್ಚು ಕುಡಿಸಿ ಯಾವ ಪಬ್ಬೂ ಉಳಿದಂತಿಲ್ಲ. ಹೆಚ್ಚು ಮಂದಿಯನ್ನು ಒಳಗೆ ಕರೆದವು ಉಳಿದಿವೆ. ಬೀಗ ಬಿದ್ದ ಮೇಲೆ ಕಿಟಕಿಗೆ ಹಣೆಯೊತ್ತಿ ನಿಂತು ಹಳೆಯ ದಿನಗಳನ್ನು ನೆನೆಯುವವರಿಂದ ಯಾವ ಊರಿನ ಯಾವ ಮನೆಯೂ ಉಳಿಯದು. ಬೀಗ ಬೀಳುವ ಮುನ್ನ ಒಳಹೊಕ್ಕು ಕೂತವರಿಂದ, ಪಕ್ಕದ ಬೆಂಚಿನಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟವರಿಂದ ಅದು ಉಳಿದೀತು.